ನ್ಯಾಪ್‌ಸ್ಯಾಕ್ ಸಮಸ್ಯೆ

ತೂಕ ಮತ್ತು ಮೌಲ್ಯ ಗೊತ್ತಿರುವ ಹಲವು ವಸ್ತುಗಳಲ್ಲಿ ಕೆಲವನ್ನು, ಒಟ್ಟು ತೂಕ ನಿಗದಿತ ಮಿತಿಯನ್ನು ಮೀರದಂತೆ ಹಾಗೂ ಒಟ್ಟು ಮೌಲ್ಯ ಆದಷ್ಟೂ ಹೆಚ್ಚಾಗುವಂತೆ ಆರಿಸುವ ಗಣಿತ ಸಮಸ್ಯೆಗೆ ನ್ಯಾಪ್‌ಸ್ಯಾಕ್ ಸಮಸ್ಯೆ ಎಂದು ಹೆಸರು. ಪ್ರತಿ ವಸ್ತುವನ್ನೂ ಇಡಿಯಾಗಿ ತೆಗೆದುಕೊಳ್ಳಬೇಕು, ಇಲ್ಲವೆ ಬಿಡಬೇಕು ಎಂಬ ನಿಯಮವಿರುವುದು ಇದರ 0–1 ರೂಪ. ವಸ್ತು ಒಂದೊಂದಾಗಿ ಹೆಚ್ಚಿದಂತೆ ಸಾಧ್ಯ ಆಯ್ಕೆಗಳು ಇಮ್ಮಡಿಸುತ್ತ ಹೋಗುವುದರಿಂದ, ಕೇವಲ 30 ವಸ್ತುಗಳಿಗೆ ಅವು 100 ಕೋಟಿಯನ್ನು ದಾಟುತ್ತವೆ.

ಪೂರ್ಣಾಂಕಗಳ ಹಲವು ಸಮೀಕರಣಗಳನ್ನು ಒಂದೇ ಸಮೀಕರಣಕ್ಕೆ ಇಳಿಸುವ ಬಗೆಯನ್ನು 19ನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಜಿ. ಬಿ. ಮ್ಯಾಥ್ಯೂಸ್ ತೋರಿಸಿದ್ದು ಈ ಅಧ್ಯಯನದ ಪೂರ್ವರೂಪ. 1957ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್, ವಸ್ತುಗಳನ್ನು ತುಂಡರಿಸಲು ಅವಕಾಶವಿದ್ದರೆ ತೂಕಕ್ಕೆ ಹೋಲಿಸಿದಾಗ ಹೆಚ್ಚು ಮೌಲ್ಯವುಳ್ಳದ್ದನ್ನು ಮೊದಲು ತುಂಬುತ್ತ ಹೋದರೆ ಸಾಕೆಂದು ತೋರಿಸಿದರು. 0–1 ರೂಪದಲ್ಲಿ ಈ ಕ್ರಮ ತಪ್ಪಬಹುದು: ಮಿತಿ 10 ಕಿಲೋ ಇದ್ದು, 66 ರೂಪಾಯಿಯ 6 ಕಿಲೋ ವಸ್ತು ಒಂದೂ ತಲಾ 50 ರೂಪಾಯಿಯ 5 ಕಿಲೋ ವಸ್ತುಗಳೆರಡೂ ಇದ್ದರೆ, ಈ ಕ್ರಮದಿಂದ 66 ರೂಪಾಯಿಯಷ್ಟೇ ದಕ್ಕುತ್ತದೆ, ಸರಿಯಾದ ಉತ್ತರ 100. ಆದರೂ ತುಂಡರಿಸಿದಾಗ ಬರುವ 106 ಯಾವ ಆಯ್ಕೆಯೂ ಮೀರಲಾಗದ ಮೇಲ್ಮಿತಿಯಾದ್ದರಿಂದ, ನಿಷ್ಪ್ರಯೋಜಕ ಆಯ್ಕೆಗಳ ಗುಂಪುಗಳನ್ನು ಪರಿಶೀಲಿಸದೆಯೇ ಕೈಬಿಡಲು ಅದು ನೆರವಾಗುತ್ತದೆ.

ಅದೇ ದಶಕದಲ್ಲಿ ರಿಚರ್ಡ್ ಬೆಲ್ಮನ್ ರೂಪಿಸಿದ ಡೈನಾಮಿಕ್ ಪ್ರೋಗ್ರಾಮಿಂಗ್ ವಿಧಾನವು ಚಿಕ್ಕ ಮಿತಿಗಳ ಉತ್ತರಗಳನ್ನು ಕೋಷ್ಟಕದಲ್ಲಿಟ್ಟುಕೊಂಡು ದೊಡ್ಡ ಮಿತಿಯ ಉತ್ತರವನ್ನು ಕಟ್ಟುತ್ತದೆ. ಆದರೆ ತೂಕಮಿತಿಗೆ ಒಂದು ಅಂಕಿ ಹೆಚ್ಚಿದರೆ ಕೋಷ್ಟಕ ಸುಮಾರು ಹತ್ತು ಪಟ್ಟು ಬೆಳೆಯುತ್ತದೆ. 1960ರ ದಶಕದ ಮೊದಲ ವರ್ಷಗಳಲ್ಲಿ ಗಿಲ್ಮೋರ್ ಮತ್ತು ಗೊಮೊರಿ, ದೊಡ್ಡ ಸುರುಳಿಗಳನ್ನು ಬೇಕಾದ ಅಗಲಗಳಿಗೆ ವ್ಯರ್ಥವಾಗದಂತೆ ಕತ್ತರಿಸುವ ಉದ್ಯಮದ ಪ್ರಶ್ನೆಯೊಳಗೆ ಇದೇ ಸಮಸ್ಯೆಯನ್ನು ಕಂಡರು. ಅಲ್ಲಿ ತೂಕದ ಸ್ಥಾನದಲ್ಲಿರುವುದು ಅಗಲ.

1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿಮಾಡಿದ 21 ಎನ್‌ಪಿ-ಸಂಪೂರ್ಣ ಸಮಸ್ಯೆಗಳಲ್ಲಿ, ಎಂದರೆ ಒಂದಕ್ಕೆ ವೇಗದ ವಿಧಾನ ದೊರೆತರೆ ಉಳಿದವಕ್ಕೂ ದೊರೆಯುವಂತೆ ಪರಸ್ಪರ ಬೆಸೆದುಕೊಂಡ ಸಮಸ್ಯೆಗಳಲ್ಲಿ, ಇದೂ ಸೇರಿತು. ಆ ಬಳಿಕ ಸಂಶೋಧನೆ ಎರಡು ದಾರಿ ಹಿಡಿಯಿತು. 1974ರಲ್ಲಿ ಹೊರೊವಿಟ್ಜ್ ಮತ್ತು ಸರ್ತಾಜ್ ಸಾಹ್ನಿ ವಸ್ತುಗಳನ್ನು ಎರಡು ಗುಂಪಾಗಿಸಿ ಲೆಕ್ಕವನ್ನು ಬಹಳಷ್ಟು ತಗ್ಗಿಸಿದರೆ, 1975ರಲ್ಲಿ ಇಬಾರಾ ಮತ್ತು ಕಿಮ್ ನಿಖರ ಉತ್ತರಕ್ಕೆ ಬೇಕಾದಷ್ಟು ಹತ್ತಿರದ ಉತ್ತರವನ್ನು ಮಿತವಾದ ಕಾಲದಲ್ಲಿ ಪಡೆಯುವ ವಿಧಾನ ನೀಡಿದರು.

1978ರಲ್ಲಿ ಮರ್ಕಲ್ ಮತ್ತು ಹೆಲ್‌ಮನ್ ಈ ಕಾಠಿಣ್ಯವನ್ನೇ ನೆಚ್ಚಿ ಗೂಢಲಿಪಿ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಬಳಸಿದ ಸಂಖ್ಯೆಗಳ ವಿಶೇಷ ರಚನೆಯ ಮೂಲಕ ಆದಿ ಶಮೀರ್ 1982ರಲ್ಲಿ ಅದರ ಮೂಲ ರೂಪವನ್ನು ಭೇದಿಸಿದರು. ಸಮಸ್ಯೆಯೊಂದು ಒಟ್ಟಾರೆಯಾಗಿ ಕಠಿಣವಾಗಿದ್ದರೂ ಅದರ ಪ್ರತಿಯೊಂದು ನಿದರ್ಶನವೂ ಕಠಿಣವಾಗಿರಬೇಕಿಲ್ಲ ಎಂಬುದಕ್ಕೆ ಇದು ಮಹತ್ವದ ಸಾಕ್ಷಿ.