ಮೊಬೈಲ್ ನೀರಿಗೆ ಬಿದ್ದರೆ ಅಕ್ಕಿ ಡಬ್ಬಿ ಬೇಡ

ನೀರಿಗೆ ಬಿದ್ದ ಸ್ಮಾರ್ಟ್‌ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡುವುದು ಬಹುಪಾಲು ಮನೆಗಳಲ್ಲಿ ರೂಢಿಯಲ್ಲಿರುವ ಮನೆಮದ್ದು. ಆದರೆ ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಲ್ಲವೆಂದು ಆಪಲ್ ಸಂಸ್ಥೆಯು ಐಫೋನ್ ಬಳಕೆದಾರರನ್ನು 2024ರಲ್ಲಿ ಎಚ್ಚರಿಸಿದೆ. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಸಲ್ಲದು.

ಅಪಾಯ ಹೆಚ್ಚುವುದು ಒದ್ದೆ ಫೋನನ್ನು ಚಾರ್ಜಿಗೆ ಹಾಕಿದಾಗ. ತೇವಗೊಂಡ ಪಿನ್ನುಗಳಲ್ಲಿ ವಿದ್ಯುತ್ ಹರಿದರೆ ಅವು ಕಿಲುಬು ಹಿಡಿದು ಸಂಪರ್ಕ ಶಾಶ್ವತವಾಗಿ ಕೆಡಬಹುದು. ಆದ್ದರಿಂದ ಮೊದಲು ಫೋನ್ ಆಫ್ ಮಾಡಿ, ಒರೆಸಿ, ಚಾರ್ಜಿಂಗ್ ಕಿಂಡಿ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಬೇಕು. ಬಳಿಕ ಗಾಳಿಯಾಡುವ ಕಡೆ ಇಡಬೇಕು. ಕಿಂಡಿ ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ಅಲ್ಲಿಯವರೆಗೆ ಚಾರ್ಜರ್ ಮುಟ್ಟದಿರುವುದೇ ಲೇಸು.

'ಐಪಿ68' ಗುರುತನ್ನು ನಂಬಿ ಮೈಮರೆಯುವಂತಿಲ್ಲ. ಅದು ಸಿಹಿನೀರಿನ ಪರೀಕ್ಷೆಗೆ ಸಂಬಂಧಿಸಿದ್ದು, ಸಮುದ್ರದ ಉಪ್ಪುನೀರಿಗೆ ಅನ್ವಯಿಸದು. ಫೋನ್ ಹಳತಾದಂತೆ ಈ ರಕ್ಷಣೆಯೂ ಕುಗ್ಗುತ್ತದೆ. ನೀರಿನಿಂದಾದ ಹಾನಿಯನ್ನು ಸಾಮಾನ್ಯವಾಗಿ ಕಂಪೆನಿಗಳು ವಾರಂಟಿಗೆ ಸೇರಿಸುವುದಿಲ್ಲ.