ಕಫ ಪರೀಕ್ಷೆಯ ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕದ ಆಯ್ಕೆ: ನೋಟಕ್ಷೇತ್ರವನ್ನು ಆಧರಿಸಿದ ವಿವೇಚನೆ

ಸಾರಾಂಶ: ಸೂಕ್ಷ್ಮದರ್ಶಕ ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದರ ವರ್ಧನೆಯನ್ನು. ಕ್ಷಯರೋಗದ ಕಫ ಪರೀಕ್ಷೆಯ ಮಟ್ಟಿಗಾದರೂ, ಒಂದು ನೋಟಕ್ಕೆ ಎಷ್ಟು ಲೇಪ ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ಆಯ್ಕೆಯ ಮುಖ್ಯ ಮಾನದಂಡವಾಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

1. ಪ್ರಸ್ತಾವನೆ

ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಕ್ಷಯದ ಬ್ಯಾಸಿಲಸ್ಸನ್ನು ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅರ್ನ್ಸ್ಟ್ ಅಬ್ಬೆ ರೂಪಿಸಿದ ಕಂಡೆನ್ಸರ್ ಮತ್ತು ಎಣ್ಣೆ ಆಬ್ಜೆಕ್ಟಿವ್‌ಗಳು ಅವರ ಸಂಶೋಧನೆಗೆ ಒದಗಿಬಂದಿದ್ದವು. ಇಂದು ರೋಗಪತ್ತೆಯಲ್ಲಿ ಆಣ್ವಿಕ ಪರೀಕ್ಷೆಗಳು ಮುಂದೆ ಬಂದಿದ್ದರೂ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಸ್ಲೈಡು ಓದುವುದು ನಿಂತಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಕೌಶಲದ ತರಬೇತಿಗೆ ಹೆಸರಾದದ್ದು.

2. ವರ್ಧನೆಯ ಮಿತಿ

ಅಬ್ಬೆ 1873ರಲ್ಲಿ ತೋರಿಸಿಕೊಟ್ಟಂತೆ, ಸೂಕ್ಷ್ಮ ವಿವರಗಳನ್ನು ಬಿಡಿಸಿ ತೋರಿಸುವ ಶಕ್ತಿ ಬೆಳಕಿನ ತರಂಗಾಂತರ ಮತ್ತು ಆಬ್ಜೆಕ್ಟಿವ್‌ನ ನ್ಯೂಮರಿಕಲ್ ಅಪರ್ಚರ್‌ಗೆ ಕಟ್ಟುಬಿದ್ದಿದೆ. ಆಬ್ಜೆಕ್ಟಿವ್‌ನ ಮೈಮೇಲೆ 100/1.25 ಎಂದು ಕೆತ್ತಿದ್ದರೆ, ಎರಡನೆಯ ಅಂಕಿಯೇ ಅದು. ಹಸಿರು ಬೆಳಕಿನಲ್ಲಿ ಇದರ ಮಿತಿ ಸುಮಾರು 0.22 ಮೈಕ್ರಾನ್. ಉಪಯುಕ್ತ ವರ್ಧನೆ ನ್ಯೂಮರಿಕಲ್ ಅಪರ್ಚರ್‌ನ 500ರಿಂದ 1000 ಪಟ್ಟು, ಅಂದರೆ ಇಲ್ಲಿ 625ರಿಂದ 1250. 10 ಪಟ್ಟಿನ ನೇತ್ರಮಸೂರಕ್ಕೆ ಬದಲು 20 ಪಟ್ಟಿನದನ್ನು ಹಾಕಿದರೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣಿಸದು.

3. ನೋಟಕ್ಷೇತ್ರದ ಲೆಕ್ಕ

ಝೀಲ್-ನೀಲ್ಸನ್ ಬಣ್ಣ ಹಾಕಿದ ಲೇಪವನ್ನು ‘ನೆಗೆಟಿವ್’ ಎನ್ನಬೇಕಾದರೆ ಎಣ್ಣೆ ಆಬ್ಜೆಕ್ಟಿವ್‌ನಡಿ 100 ನೋಟಕ್ಷೇತ್ರಗಳನ್ನಾದರೂ ಓದಿರಬೇಕು. ನೇತ್ರಮಸೂರದ ಕ್ಷೇತ್ರಾಂಕ (ಅದರ ನೋಟವೃತ್ತದ ವ್ಯಾಸ, ಮಿ.ಮೀ.ಗಳಲ್ಲಿ) 20 ಆಗಿದ್ದರೆ ಒಂದು ಕ್ಷೇತ್ರದ ವ್ಯಾಸ 0.20 ಮಿ.ಮೀ.; ನೂರು ಕ್ಷೇತ್ರ ಸೇರಿ 3.14 ಚದರ ಮಿ.ಮೀ. ಕ್ಷೇತ್ರಾಂಕ 18 ಆದರೆ ಅದು 2.54ಕ್ಕೆ ಇಳಿಯುತ್ತದೆ. 2 ಸೆಂ.ಮೀ. ಅಗಲ, 3 ಸೆಂ.ಮೀ. ಉದ್ದದ ಲೇಪದ ವಿಸ್ತೀರ್ಣ 600 ಚದರ ಮಿ.ಮೀ. ನೂರು ಕ್ಷೇತ್ರ ಓದಿದರೂ ಕಣ್ಣಿಗೆ ಬೀಳುವುದು ಲೇಪದ ಶೇಕಡಾ ಅರ್ಧದಷ್ಟು ಮಾತ್ರ. ಕ್ಷೇತ್ರಾಂಕ ಕಡಿಮೆಯಾದರೆ ಅದರಲ್ಲೂ ಐದನೇ ಒಂದು ಪಾಲು ಖೋತಾ.

ಸಾದಾ ಅಕ್ರೊಮ್ಯಾಟ್ ಆಬ್ಜೆಕ್ಟಿವ್‌ನಲ್ಲಿ ನಡುಭಾಗ ಸ್ಫುಟವಾಗಿದ್ದರೂ ಅಂಚು ಮಸುಕಾಗಿರುತ್ತದೆ. ಹೀಗಾಗಿ ಲೆಕ್ಕಕ್ಕೆ ಬರುವ ಕ್ಷೇತ್ರ ಮತ್ತಷ್ಟು ಕುಗ್ಗುತ್ತದೆ. ಅಂಚಿನವರೆಗೂ ಸಮತಲ ಬಿಂಬ ಕೊಡುವ ಪ್ಲಾನ್ ಅಕ್ರೊಮ್ಯಾಟ್‌ಗೆ ಹೆಚ್ಚು ಬೆಲೆ ತೆರುವುದು ಈ ಕಾರಣಕ್ಕೆ ಸಮರ್ಥನೀಯ. ಫ್ಲೋರೊಸೆನ್ಸ್ ವಿಧಾನದಲ್ಲಿ 40 ಪಟ್ಟಿನ ಆಬ್ಜೆಕ್ಟಿವ್ ಸಾಕಾಗುವುದರಿಂದ ಪ್ರತಿ ಕ್ಷೇತ್ರವೂ 6.25 ಪಟ್ಟು ವಿಶಾಲ. ಹಳೆಯ ಪಾದರಸ ದೀಪದ ಬದಲು ಎಲ್‌ಇಡಿ ಬಳಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಶಿಫಾರಸು ಮಾಡಿತು. ಕಫದ ಸ್ಲೈಡುಗಳು ಹೆಚ್ಚು ಬರುವ ಕೇಂದ್ರಗಳಿಗೆ ಇದೇ ಸೂಕ್ತ.

4. ಬೆಳಕು ಮತ್ತು ತೇವ

ಒಳ್ಳೆಯ ಆಬ್ಜೆಕ್ಟಿವ್‌ನ ಶಕ್ತಿಯನ್ನು ಕಂಡೆನ್ಸರ್ ಹಾಳುಮಾಡಬಲ್ಲದು. ಅದರ ಡಯಾಫ್ರಮನ್ನು 0.3 ಅಪರ್ಚರ್‌ಗೆ ಮುಚ್ಚಿದರೆ ಮಿತಿ 0.22ರಿಂದ ಸುಮಾರು 0.35 ಮೈಕ್ರಾನ್‌ಗೆ ಜಾರುತ್ತದೆ. ಬ್ಯಾಸಿಲಸ್ಸಿನ ದಪ್ಪವೇ 0.2ರಿಂದ 0.5 ಮೈಕ್ರಾನ್! ಆದ್ದರಿಂದ ಏರಿಳಿಸಲು ಮತ್ತು ಕೇಂದ್ರಕ್ಕೆ ತರಲು ಬರುವ ಕಂಡೆನ್ಸರ್ ಇರಲೇಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವ ಭಯವಿರುವುದರಿಂದ ಬೂಷ್ಟು ನಿರೋಧಕ ಲೇಪನವನ್ನು ಷರತ್ತಿನಲ್ಲಿ ಸೇರಿಸಬೇಕು. ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯನ್ನೂ ಒದಗಿಸಬೇಕು.

5. ಕೊಳ್ಳುವ ಮುನ್ನ

ಮಾರಾಟಗಾರರು ತರುವ ಸ್ಲೈಡನ್ನು ನಂಬಿ ತೀರ್ಮಾನಿಸಬಾರದು. ಪ್ರಯೋಗಾಲಯದ್ದೇ ಆದ, ಬ್ಯಾಸಿಲಸ್ ವಿರಳವಾಗಿರುವ ಸ್ಲೈಡೊಂದರ ಮೇಲೆ ಎಣ್ಣೆಯ ಹನಿ ಬಿಟ್ಟು ನೋಡಬೇಕು. ಗುಲಾಬಿಗೆಂಪು ಕಡ್ಡಿಯಂಥ ಒಂದು ಬ್ಯಾಸಿಲಸ್ಸನ್ನು ನಡುವಿನಿಂದ ಅಂಚಿಗೆ ಸರಿಸಿದಾಗ ಅದರ ಗೆರೆ, ಬಣ್ಣ ಕೆಡಬಾರದು. ಹತ್ತು ನಿಮಿಷ ಮುಟ್ಟದೆ ಬಿಟ್ಟರೂ ಫೋಕಸ್ ಜಾರಬಾರದು. ಸ್ಟೇಜ್ ತಿರುಪನ್ನು ಹಿಂದಕ್ಕೆ ತಿರುಗಿಸಿದಾಗ ಅದೇ ಜಾಗ ಸಿಗಬೇಕು. ಬಿಡಿಭಾಗ, ದುರಸ್ತಿ ಹತ್ತಿರದಲ್ಲೇ ದೊರೆಯುತ್ತವೆಯೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು.

6. ಉಪಸಂಹಾರ

‘ನೆಗೆಟಿವ್’ ಎಂಬ ವರದಿಯ ಹಿಂದೆ ಲೇಪದ ಅತ್ಯಲ್ಪ ಭಾಗವಷ್ಟೇ ಇರುವಾಗ, ಆ ಭಾಗವನ್ನು ಕಿರಿದಾಗಿಸುವ ಉಪಕರಣ ಎಷ್ಟೇ ಅಗ್ಗವಾದರೂ ದುಬಾರಿಯೇ. ಅದರ ಬೆಲೆ ತೆರುವವರು ರೋಗಿಗಳು. ಟೆಂಡರ್ ಪತ್ರದಲ್ಲಿ ವರ್ಧನೆಯ ಜೊತೆಗೆ ನ್ಯೂಮರಿಕಲ್ ಅಪರ್ಚರ್, ಕ್ಷೇತ್ರಾಂಕ, ಪ್ಲಾನ್ ಗುಣಮಟ್ಟಗಳನ್ನು ನಮೂದಿಸುವುದು ಕಡ್ಡಾಯವಾಗಬೇಕು. ದಿನವಿಡೀ ಸ್ಲೈಡು ಓದುವ ತಂತ್ರಜ್ಞರು ಪರೀಕ್ಷಿಸಿ ಒಪ್ಪದ ಹೊರತು ಖರೀದಿ ಆದೇಶಕ್ಕೆ ಸಹಿ ಬೀಳಬಾರದು.