ಕೇಪಿನ ಕೋವಿ

ನಮ್ಮ ಮನೆಯ ಜಗಲಿಯ ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ ಒಂದು ಕೇಪಿನ ಕೋವಿ ಮಲಗಿರುತ್ತಿತ್ತು. ಅದರ ಒಂದು ಪಕ್ಕದಲ್ಲಿ ಅಜ್ಜಯ್ಯನ ಫೋಟೋ, ಇನ್ನೊಂದು ಪಕ್ಕದಲ್ಲಿ ಪಂಚಾಂಗ. ನಾನು ಹುಟ್ಟುವ ಮೊದಲೇ ಅದು ಅಲ್ಲಿತ್ತು. ಅದರ ಕೆಳಗೆ ಕೂತು ನಾವು ಮಗ್ಗಿ ಬಾಯಿಪಾಠ ಮಾಡಿದ್ದೇವೆ, ಅಡಿಕೆ ಸುಲಿದಿದ್ದೇವೆ, ನನ್ನನ್ನು ನೋಡಲು ಬಂದವರಿಗೆ ಕಾಫಿ ಕೊಟ್ಟಿದ್ದೇವೆ. ಮನೆಯ ಗಂಡಸರಿಗೆ ಅದೊಂದು ಹೆಮ್ಮೆ. ಹೆಂಗಸರಿಗೆ ಮಾತ್ರ ಧೂಳು ಒರೆಸಬೇಕಾದ ಇನ್ನೊಂದು ವಸ್ತು.

ಅಪ್ಪಯ್ಯ ತೀರಿಕೊಂಡ ಮೇಲೆ ಕೋವಿಯ ಪ್ರಶ್ನೆ ಬಂತು. ಲೈಸೆನ್ಸ್ ಇದ್ದದ್ದು ಅವರ ಹೆಸರಿನಲ್ಲಿ. ಈಗ ಅದನ್ನು ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು. ಬೆಂಗಳೂರಿನಲ್ಲಿರುವ ಅಣ್ಣ ಒಪ್ಪಿಸಿಬಿಡೋಣ ಎಂದ. ಅವನು ಅದನ್ನು ಗೂಟದಿಂದ ಇಳಿಸಿ ಗೋಣಿಚೀಲದಲ್ಲಿ ಸುತ್ತಲು ಹೊರಟಾಗ ಅಮ್ಮ ಒಳಗಿನಿಂದ ಬಂದರು.

"ಕೊಡೋದಾದ್ರೆ ಕೊಡು ಮಗಾ. ಆದ್ರೆ ಅದ್ರ ಹೊಟ್ಟೇಲಿ ಏನಿದೆ ಅಂತ ಮೊದ್ಲು ನೋಡು."

ಅಣ್ಣ ನಕ್ಕ. "ಹನ್ನೊಂದು ವರ್ಷದಿಂದ ಯಾರೂ ಮುಟ್ಟಿಲ್ಲ ಅಮ್ಮ. ಅದ್ರಲ್ಲಿ ಏನಿರತ್ತೆ?"

ಅಮ್ಮ ನಗಲಿಲ್ಲ. ಆ ಪ್ರಶ್ನೆಗೆ ಉತ್ತರ ಕಾಣಲು ನಮಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ನಾನು ಕೋವಿಗಳ ವಿಷಯ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಮ್ಮ ತಲೆಯ ಮೇಲೆ ಅಷ್ಟು ವರ್ಷ ತೂಗಿದ್ದು ಏನು ಎಂಬುದು ಹೆಂಗಸರಿಗೂ ಗೊತ್ತಿರಬೇಕು ಎನ್ನಿಸಿತು.

ನಮ್ಮ ಕೋವಿ ಮೂತಿಯ ಕಡೆಯಿಂದ ತುಂಬುವ ಜಾತಿಯದು. ಮೊದಲು ಅಳತೆಯ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರು ತುರುಕಿ, ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ನಾರು ಇಟ್ಟು, ನಳಿಗೆಯ ಕೆಳಗೆ ಸಿಕ್ಕಿಸಿರುವ ಗಜದಿಂದ ಬಿಗಿಯಾಗಿ ಜಡಿಯಬೇಕು. ಒಂದು ರೀತಿಯಲ್ಲಿ ಉಪ್ಪಿನಕಾಯಿ ಭರಣಿ ತುಂಬಿದಂತೆ. ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇಷ್ಟರವರೆಗೆ ಐನೂರು ವರ್ಷಗಳಿಂದ ಹೆಚ್ಚು ಬದಲಾವಣೆ ಇಲ್ಲ. ಬದಲಾದದ್ದು ಒಂದೇ: ತಳದಲ್ಲಿರುವ ಆ ಮದ್ದಿಗೆ ಹೊರಗಿನಿಂದ ಬೆಂಕಿ ಮುಟ್ಟಿಸುವುದು ಹೇಗೆ? ಒಲೆ ಹೊತ್ತಿಸುವ ನಮಗೆ ಈ ಪ್ರಶ್ನೆ ಹೊಸದಲ್ಲ. ಕೆಂಡ, ಚಕಮಕಿ, ಬೆಂಕಿಪೊಟ್ಟಣ, ಲೈಟರ್ ಎಂದು ನಮ್ಮ ಒಲೆ ನಡೆದು ಬಂದ ದಾರಿಯಲ್ಲೇ ಕೋವಿಯೂ ನಡೆದು ಬಂದಿದೆ.

ಮೊದಲು ಬಂದದ್ದು ಬತ್ತಿಯ ಕೋವಿ. ಯೂರೋಪಿನಲ್ಲಿ 15ನೇ ಶತಮಾನದಲ್ಲಿ ಬಳಕೆಗೆ ಬಂತು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹಗ್ಗ ಊದುಬತ್ತಿಯ ಹಾಗೆ ಸದಾ ಕನಿಯುತ್ತಿರಬೇಕು. ಕುದುರೆಯನ್ನು ಎಳೆದರೆ ಆ ಕೆಂಡ ಬಗ್ಗಿ ಬಟ್ಟಲಿನ ಮದ್ದಿಗೆ ತಾಗುತ್ತದೆ. ಮಳೆ ಬಂದರೆ ಬತ್ತಿ ಆರಿಹೋಯಿತು. ಕತ್ತಲಲ್ಲಿ ಕೆಂಡ ಕಂಡು ಪ್ರಾಣಿ ಓಡಿಹೋಯಿತು.

ಆಮೇಲೆ ಬಂದದ್ದು ಚಕಮಕಿ ಕೋವಿ. ಅದರ ಪಕ್ವ ರೂಪವನ್ನು ಫ್ರಾನ್ಸಿನಲ್ಲಿ ಸುಮಾರು 1610ರಲ್ಲಿ ಮಾರಿನ್ ಲ ಬೂರ್ಜ್ವಾ ಎಂಬ ಕುಶಲಕರ್ಮಿ ಮಾಡಿದ ಎನ್ನುತ್ತಾರೆ. ಕುದುರೆಯ ಬಾಯಲ್ಲಿ ಕಚ್ಚಿಕೊಂಡ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜುತ್ತದೆ; ಕಿಡಿ ಬಟ್ಟಲಿಗೆ ಬೀಳುತ್ತದೆ; ಬಟ್ಟಲಿನ ಮದ್ದು ಭುಗ್ಗೆಂದು ಉರಿದು ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ. ನಮ್ಮ ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹುಲಿಯ ಅಲಂಕಾರದ ಚಕಮಕಿ ಕೋವಿಗಳನ್ನು ಮಾಡುತ್ತಿದ್ದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಅಂಥ ಕೋವಿಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು.

ಚಕಮಕಿಯ ತೊಂದರೆ ಏನೆಂದರೆ, ಕುದುರೆ ಎಳೆದದ್ದಕ್ಕೂ ಗುಂಡು ಹಾರುವುದಕ್ಕೂ ನಡುವೆ ಒಂದು ಗಳಿಗೆಯ ವಿರಾಮ. ಆ ವಿರಾಮದಿಂದ ಬೇಸತ್ತವನು ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸೈತ್. ಅವನಿಗೆ ನೀರುಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನ ಮಿಂಚು ಕಂಡೊಡನೆ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಪೆಟ್ಟು ಬಿದ್ದೊಡನೆ ಸಿಡಿಯುವ ಒಂದು ಪುಡಿಯನ್ನು ಬಳಸಿ ಅವನು ಹೊಸ ಉಪಾಯ ಹೂಡಿ 1807ರಲ್ಲಿ ಪೇಟೆಂಟ್ ಪಡೆದ. ಆ ಪುಡಿಯನ್ನು ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಅಂಟಿಸಿದಾಗ ನಮ್ಮ 'ಕೇಪು' ಹುಟ್ಟಿತು. ನಳಿಗೆಯ ಬದಿಯ ಸಣ್ಣ ಕೊಳವೆಯ ಮೇಲೆ ಕೇಪು ಕೂರಿಸಿ, ಮೇಲಿನಿಂದ ಕುದುರೆ ಬಡಿದರೆ ಮುಗಿಯಿತು. ಇಂಗ್ಲೆಂಡಿನ ವೂಲಿಚ್‌ನಲ್ಲಿ 1834ರಲ್ಲಿ ಎರಡನ್ನೂ ಆರಾರು ಸಾವಿರ ಸಲ ಹಾರಿಸಿ ನೋಡಿದರು. ಚಕಮಕಿ 922 ಸಲ ಕೈಕೊಟ್ಟಿತು; ಕೇಪು 36 ಸಲ ಮಾತ್ರ. ಗಾಳಿಮಳೆಯ ಮಲೆನಾಡಿನಲ್ಲಿ ಕೇಪಿನ ಕೋವಿ ಯಾಕೆ ಮನೆಮಾತಾಯಿತು ಎಂಬುದಕ್ಕೆ ಈ ಲೆಕ್ಕವೇ ಸಾಕು.

ಈ ಕೋವಿ ಹೆಂಗಸರ ಕೈಗೆ ಬಂದೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ಒಹಾಯೊದಲ್ಲಿ 1860ರಲ್ಲಿ ಹುಟ್ಟಿದ ಆನಿ ಓಕ್ಲಿ ಚಿಕ್ಕವಳಿದ್ದಾಗಲೇ ತಂದೆಯನ್ನು ಕಳೆದುಕೊಂಡಳು. ಗೋಡೆಯ ಮೇಲಿದ್ದ ತಂದೆಯ ಕೋವಿಯನ್ನು ಇಳಿಸಿ ಬೇಟೆಯಾಡಿ, ಮಾಂಸ ಮಾರಿ, ತಾಯಿಯ ಮನೆಯ ಮೇಲಿದ್ದ ಸಾಲ ತೀರಿಸಿದಳು. ಮುಂದೆ ಜಗತ್ತಿಗೇ ಹೆಸರಾದ ಗುರಿಕಾರ್ತಿಯಾದಳು.

ತೋಟಾ ಕೋವಿ ಬಂದ ಮೇಲೆ ಮುಂದಿನಿಂದ ತುಂಬುವ ಕೋವಿಯ ಕಾಲ ಮುಗಿಯಬೇಕಿತ್ತು. ಆದರೆ ಅಮೆರಿಕದ ರಾಜ್ಯಗಳು ಇಂಥ ಕೋವಿಗಳಿಗೇ ಪ್ರತ್ಯೇಕ ಜಿಂಕೆ ಬೇಟೆಯ ದಿನಗಳನ್ನು ಗೊತ್ತುಮಾಡಿದವು. ಪೆನ್ಸಿಲ್ವೇನಿಯಾ 1974ರಲ್ಲಿ ಚಕಮಕಿ ಕೋವಿಗೆಂದೇ ಒಂದು ಹಂಗಾಮು ತೆರೆಯಿತು. ಬೇಡಿಕೆ ಹುಟ್ಟಿದ ಮೇಲೆ ಕಮ್ಮಾರ ಸುಮ್ಮನಿರುತ್ತಾನೆಯೇ? ಮಿಸೌರಿಯ ಟೋನಿ ನೈಟ್ 1985ರಲ್ಲಿ ಎಂಕೆ-85 ಎಂಬ ಕೋವಿ ಹೊರತಂದ. ಅದರಲ್ಲಿ ಕೇಪು ಬದಿಯಲ್ಲಿಲ್ಲ, ಮದ್ದಿನ ನೇರ ಹಿಂದೆ ಇದೆ. ಬೆಂಕಿ ಮೂಲೆ ತಿರುಗಬೇಕಿಲ್ಲ, ನೆಟ್ಟಗೆ ಹೋಗುತ್ತದೆ.

ಈ ನೇರ ಜಾತಿಯಲ್ಲೇ ಹಲವು ಬಗೆಗಳು ಬಂದವು. ಎಂಕೆ-85ರದ್ದು ಹಿಂದಕ್ಕೆ ಎಳೆದು ನಿಲ್ಲಿಸುವ ಸ್ಪ್ರಿಂಗಿನ ಅಚ್ಚು. ಬಿಟ್ಟರೆ ಮುಂದೆ ಚಿಮ್ಮಿ ಕೇಪಿಗೆ ಬಡಿಯುತ್ತದೆ. ಸರಳ, ಆದರೆ ಮಸಿ ಕಟ್ಟಿಕೊಳ್ಳುತ್ತದೆ. ರೆಮಿಂಗ್ಟನ್ ಕಂಪನಿ 1996ರಲ್ಲಿ ತಂದದ್ದು ಬಾಗಿಲ ಅಗಳಿಯ ಹಾಗೆ ಸರಿಸುವ ಬೋಲ್ಟಿನ ಬಗೆ. ಇನ್ನು ಕೆಲವು ನಡುವೆ ಮಡಚಿಕೊಳ್ಳುತ್ತವೆ. ಮಡಚಿದರೆ ನಳಿಗೆಯ ಹಿಂಭಾಗ ಕಣ್ಣಿಗೆ ಕಾಣುತ್ತದೆ. ಥಾಂಪ್ಸನ್ ಸೆಂಟರ್ ಕಂಪನಿಯ 2002ರ ಒಮೆಗಾದಲ್ಲಿ ಹಿಂದಿನ ಉಕ್ಕಿನ ತುಂಡೇ ಕೆಳಗೆ ಜಾರಿ ದಾರಿ ಬಿಡುತ್ತದೆ. ಮುಚ್ಚಿದಾಗ ಕೇಪು ಒಳಗೆ ಅಡಗುವುದರಿಂದ ಮಳೆಯ ಭಯವೂ ಕಡಿಮೆ.

ಬೇಟೆಗಾರರು ಇವುಗಳಲ್ಲಿ ಯಾವುದು ಮೇಲು ಎಂದು ವಾದಿಸುವುದು ಗುರಿ, ದೂರ, ವೇಗಗಳ ಮೇಲೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇವುಗಳ ಹಿಂಬದಿಯ ತಿರುಪನ್ನು ಬಿಚ್ಚಿ ತೆಗೆಯಬಹುದು. ಆಗ ನಳಿಗೆ ಎರಡೂ ಕಡೆ ತೆರೆದ ಕೊಳವೆ. ಒಳಗಿನ ಮದ್ದನ್ನು ಹೊರಗೆ ತೆಗೆಯಬಹುದು, ತೊಳೆಯಬಹುದು, ಈ ಬದಿಯಿಂದ ಆ ಬದಿಗೆ ಬೆಳಕು ನೋಡಬಹುದು. ನಮ್ಮ ಹಳೆಯ ಕೇಪಿನ ಕೋವಿಯದು ಒಂದೇ ಬಾಯಿ. ಒಳಗೆ ಏನಿದೆ ಎಂದು ಅದು ಹೇಳುವುದಿಲ್ಲ.

ಇದು ಸಣ್ಣ ಮಾತಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟ್ಟಿಸ್‌ಬರ್ಗ್ ಕಾಳಗದ ನಂತರ, ರಣರಂಗದಲ್ಲಿ ಬಿದ್ದಿದ್ದ ಸುಮಾರು 27,500 ಕೋವಿಗಳನ್ನು ಆಯ್ದರು. ಸುಮಾರು 24,000 ಕೋವಿಗಳಲ್ಲಿ ಮದ್ದು ತುಂಬಿಯೇ ಇತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು. ಗಾಬರಿಯಲ್ಲಿ ತುಂಬಿದವನಿಗೇ ತಾನು ತುಂಬಿದ್ದು ನೆನಪಿಲ್ಲ. ಹಾಗಿರುವಾಗ ನೆಲ ಗುಡಿಸುವವಳಿಗೆ ಹೇಗೆ ಗೊತ್ತಾಗಬೇಕು?

ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಕೊಡಗಿನ ಗೆಳತಿಯ ಮನೆಗೆ ಒಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿದ್ದೆ. ಸೆಪ್ಟೆಂಬರ್ ತಿಂಗಳ ಮೊದಲ ವಾರದ ಮಳೆ. ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿದರು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಕೊಟ್ಟ ವಿನಾಯಿತಿ ರೂಪ ಬದಲಿಸುತ್ತ ಉಳಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅಂದು ನನ್ನ ಗಮನ ಸೆಳೆದದ್ದು ಪೂಜೆಗಿಂತ, ಗೆಳತಿಯ ಅಜ್ಜಿ ಪ್ರತಿ ಕೋವಿಯ ಬಾಯೊಳಗೆ ಗಜ ಇಳಿಸಿ ನೋಡಿದ ರೀತಿ. ಹೂವು ಬಂದದ್ದು ಆಮೇಲೆ.

ನಮ್ಮಮ್ಮನಿಗೂ ಅದು ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನೆರೆಮನೆಯ ಹುಡುಗನೊಬ್ಬ 'ಖಾಲಿ' ಕೋವಿ ಹಿಡಿದು ಆಡಲು ಹೋಗಿ ಮೂರು ಬೆರಳು ಕಳೆದುಕೊಂಡದ್ದನ್ನು ಅವರು ಕಂಡಿದ್ದರು. ಆ ರಕ್ತ ಒರೆಸಿದ ಬಟ್ಟೆ ಒಗೆದವರು ಇವರೇ.

ಅಣ್ಣ ಅಮ್ಮನ ಸಮಾಧಾನಕ್ಕೆಂದು ಗಜ ಇಳಿಸಿದ. ಅದು ತಳ ಮುಟ್ಟಲಿಲ್ಲ. ಹೊರಗಿನಿಂದ ನಳಿಗೆಯ ಪಕ್ಕಕ್ಕೆ ಹಿಡಿದು ಅಳೆದರೆ ನಾಲ್ಕು ಬೆರಳು ಕಮ್ಮಿ. ಅವನ ಮುಖ ಬಿಳುಚಿತು. ಹಿಂದಿನ ಸಂಜೆಯಷ್ಟೇ ಅವನ ಮಗ ಅದನ್ನು ಹೆಗಲಿಗಿಟ್ಟು ಫೋಟೋ ತೆಗೆಸಿಕೊಂಡಿದ್ದ.

ಕೇಪು ಇರಲಿಲ್ಲ, ಅದೇ ಪುಣ್ಯ. ಕೆಳಗಿನ ಮನೆಯ ಹಿರಿಯರನ್ನು ಕರೆಸಿದೆವು. ಅವರು ಮೂತಿಯನ್ನು ತೋಟದ ಕಡೆಗೆ ತಿರುಗಿಸಿಟ್ಟು, ಕೇಪು ಕೂರುವ ಕೊಳವೆಯಿಂದ ನೀರು ಹನಿಸಿ ಹನಿಸಿ ಮದ್ದನ್ನು ನೆನೆಸಿದರು. ಗಜದ ತುದಿಗೆ ತಿರುಪುಮೊಳೆಯಂಥ ಕೊಕ್ಕೆ ಹಾಕಿ ತಿರುಗಿಸಿ ಎಳೆದಾಗ ಮೊದಲು ತೆಂಗಿನ ನಾರು ಬಂತು. ಆಮೇಲೆ ಚರೆ ಉದುರಿದವು. ಮತ್ತೆ ನಾರು. ಕೊನೆಗೆ ಕಾಡಿಗೆಯಂಥ ಕಪ್ಪು ಕೆಸರು.

"ಒಣಗಿದ್ ಮದ್ದಿಗೆ ವಯಸ್ಸಾಗಲ್ಲ ಅಮ್ಮಾ" ಎಂದರು ಅವರು.

ಅಪ್ಪಯ್ಯ ಯಾವ ಸಂಜೆ ಹಂದಿ ಬೆದರಿಸಲೆಂದು ತುಂಬಿ, ಹಂದಿ ಬಾರದೆ, ಹಾಗೆಯೇ ತಂದು ಗೂಟಕ್ಕೆ ಇಟ್ಟಿದ್ದರೋ. ಅಮ್ಮ ಹಂಡೆಯಿಂದ ಬಿಸಿನೀರು ತಂದು ನಳಿಗೆಗೆ ಸುರಿದರು. ಕಪ್ಪು ನೀರು ತಿಳಿಯಾಗುವವರೆಗೂ ಸುರಿದರು. ಒರೆಸಿ, ಎಣ್ಣೆ ಸವರಿ, ಅಣ್ಣನ ಕೈಗೆ ಕೊಟ್ಟರು.

"ಈಗ ತಗೊಂಡ್ಹೋಗು."

ಗೂಟಗಳು ಗೋಡೆಯಲ್ಲಿ ಇನ್ನೂ ಇವೆ. ಅಮ್ಮ ಅವುಗಳ ಮೇಲೆ ಛತ್ರಿ ಇಡುತ್ತಾರೆ.